ಬಡಗಿಗಳ ಕಿಟ್‌ನಲ್ಲಿ ಮಾಸ್ಕೂ ಇರಲಿ

ಮಾನ್ಯ ಸಂಪಾದಕರೇ,

ಎರಡು ತಿಂಗಳಿಂದ ಭಾನುವಾರ ಬಂತೆಂದರೆ ನಾನು ದಾವಣಗೆರೆ ಹಳೇಪೇಟೆಯ ಒಂದು ಬಡಗಿ ಶೆಡ್ಡಿನಲ್ಲಿ ಇರುತ್ತೇನೆ. ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದೇನೆ. ಕತ್ತು, ತಂತಿ, ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ವಿದ್ಯುತ್ ಭಾಗ) ಎಲ್ಲ ಕೊಂಡದ್ದು, ಮರದ ಬಾಡಿ ಮಾತ್ರ ನನ್ನ ಕೈಕೆಲಸ. ಕೆಡವಿದ ಮನೆಯೊಂದರ ತೇಗದ ಬಾಗಿಲು ಸಿಕ್ಕಿತ್ತು, ಎರಡು ಹಲಗೆ ಅಂಟಿಸಿ 45 ಮಿಲಿಮೀಟರ್ ದಪ್ಪಕ್ಕೆ ತಂದೆವು. (ಒಳಗೊಂದು ಮುರಿದ ಮೊಳೆ ಇತ್ತು, ಶೆಡ್ಡಿನ ಬಡಗಿ ಆಚಾರ್ರ ಉಳಿಯ ಬಾಯಿ ಹೋಯಿತು. ಅವರು ಬೈದದ್ದನ್ನು ನೀವು ಅಚ್ಚು ಹಾಕಲಾರಿರಿ.)

ಆಕಾರ ಕತ್ತರಿಸುವುದು ಒಂದು ದಿನದ ಕೆಲಸ. ಉಜ್ಜುವುದಿದೆಯಲ್ಲ, ಅದು ಮುಗಿಯುವುದೇ ಇಲ್ಲ. ಫೆಂಡರ್ ಕಂಪನಿಯವರು 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರ್ ತಂದಾಗ ಹಿಂದೆ ಹೊಟ್ಟೆ ತಾಗುವ ಕಡೆ, ಮುಂದೆ ಮುಂಗೈ ಕೂರುವ ಕಡೆ ಮರವನ್ನು ಇಳಿಜಾರು ತೆಗೆದಿದ್ದರು, ನನಗೂ ಹಾಗೇ ಬೇಕಿತ್ತು. ಒರಟು ಅರದಲ್ಲಿ ಇಳಿಸಿ, ಆಮೇಲೆ 80ರ ಸ್ಯಾಂಡ್ ಪೇಪರ್, 120, 180, 220 (ನಂಬರ್ ಏರಿದಷ್ಟೂ ಪೇಪರ್ ನುಣುಪು). ಸುಮ್ನೆ ಆತುರಕ್ಕೆ ಒಂದು ನಂಬರ್ ಹಾರಿಸಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಗೀರುಗಳೆಲ್ಲ ಎದ್ದು ಕಂಡವು, ಮತ್ತೆ 120ರಿಂದ ಶುರು. ಮೇಲೆಲ್ಲ ಪೆನ್ಸಿಲಿನಲ್ಲಿ ಗೀಚಿ ಉಜ್ಜು, ಗೀಚಿದ್ದು ಎಲ್ಲಿ ಅಳಿಯದೆ ಉಳಿಯುತ್ತೋ ಅಲ್ಲಿ ತಗ್ಗಿದೆ ಅಂತ ಆಚಾರ್ರು ತೋರಿಸಿಕೊಟ್ಟರು. ಬಾಡಿಯ ಮೇಲ್ಭಾಗ ಕೊಂಬಿನ ಹಾಗೆ ಚಾಚಿರುತ್ತದಲ್ಲ, ಅದರ ತುದಿಯಲ್ಲಿ ಮರದ ನಾರು ಅಡ್ಡಕ್ಕೆ ಸಿಗುತ್ತದೆ, ಅಲ್ಲೇ ಅರ್ಧ ಭಾನುವಾರ ಹೋಯಿತು. ಕತ್ತು ಕೂರುವ ಗುಂಡಿಗೆ ಮಾತ್ರ ಪೇಪರ್ ಮುಟ್ಟಿಸಲಿಲ್ಲ, ಸಡಿಲವಾದರೆ ಇಷ್ಟು ದಿನದ ಕೆಲಸ ದಂಡ ಅಲ್ವಾ.

ಇಷ್ಟೆಲ್ಲ ಹೇಳಿದ್ದು ದೂಳಿನ ವಿಷಯಕ್ಕೆ. ಪೇಪರ್ ನುಣುಪಾದಷ್ಟೂ ದೂಳು ಸಣ್ಣಗಾಗುತ್ತದೆ. 80ರ ದೂಳು ಕಾಲಡಿ ಬೀಳುತ್ತದೆ, 220ರದ್ದು ಬಿಸಿಲುಕೋಲಿನಲ್ಲಿ ತೇಲುತ್ತಲೇ ಇರುತ್ತದೆ. ತೇಗದ ದೂಳು ಕೆಲವರ ಮೈಗೆ ಆಗುವುದಿಲ್ಲ, ಮೊದಲ ವಾರವೇ ನನಗೆ ಮೊಣಕೈ ತನಕ ತುರಿಕೆ, ರಾತ್ರಿಯೆಲ್ಲ ಕೆಮ್ಮು. ವಾರಕ್ಕೊಂದು ದಿನ ಹೋಗುವವನು ನಾನು, ಎನ್95 ಮಾಸ್ಕ್ ಹಾಕಿಕೊಂಡೆ. ಆಚಾರ್ರು ಮೂವತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದಾರೆ, ಮುಖಕ್ಕೆ ಒಂದು ಟವೆಲ್, ಅದೂ ನೆನಪಾದರೆ. "ರೂಢಿ ಆಗೇತಿ ಬಿಡೋ ತಮ್ಮಾ" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಒಳಗಿನ ಕ್ಯಾನ್ಸರಿಗೆ. ನಮ್ಮದು ಒಂದು ಕಾಲದ ಹತ್ತಿ ಮಿಲ್ಲುಗಳ ಊರು. ಮಿಲ್ಲಿನ ದೂಳು ಕುಡಿದು ಕೆಮ್ಮುತ್ತಿದ್ದ ಅಜ್ಜ ನಮ್ಮ ಮನೆಯಲ್ಲೂ ಇದ್ದರು. ಅವರೂ ರೂಢಿ ಅಂತಲೇ ಹೇಳುತ್ತಿದ್ದರು.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿ 18 ಕಸುಬಿನವರಿಗೆ ತರಬೇತಿ ಇದೆ, ಸಲಕರಣೆ ಕಿಟ್‌ಗೆ 15,000 ರೂಪಾಯಿವರೆಗೆ ನೆರವಿದೆ. ಜಿಲ್ಲೆಯ ಅಧಿಕಾರಿಗಳನ್ನು ಕೇಳುವುದು ಇಷ್ಟೇ: ತರಬೇತಿಯ ದಿನ ಬಡಗಿಗಳಿಗೆ ದೂಳಿನ ಬಗ್ಗೆ ಅರ್ಧ ಗಂಟೆ ಹೇಳಿಸಿ, ಫಿಲ್ಟರ್ ಬದಲಿಸಬಹುದಾದ ಮಾಸ್ಕ್ ಒಂದನ್ನು ಕೈಗೆ ಕೊಡಿ. ಸುಮ್ನೆ ಹಂಚಿ ಫೋಟೊ ತೆಗೆದುಕೊಂಡು ಹೋಗಬೇಡಿ, ಹಾಕುವ ರೀತಿಯನ್ನೂ ತೋರಿಸಿ. ಗಡ್ಡ ಇದ್ದರೆ ಮಾಸ್ಕ್ ಸರಿಯಾಗಿ ಕೂರದೆ ಪಕ್ಕದಿಂದ ದೂಳು ನುಗ್ಗುತ್ತದೆ. ನಮ್ಮ ಆಚಾರ್ರಿಗೆ ಎದೆವರೆಗೆ ಗಡ್ಡ, ಅದನ್ನು ನಾನು ಹೇಳಿದರೆ ಕೇಳುವವರಲ್ಲ.

ಒಬ್ಬ ಓದುಗ, ದಾವಣಗೆರೆ