ಪಂದ್ಯದ ಹಿಂದಿನ ರಾತ್ರಿಯ ಹೊಟ್ಟೆನೋವು

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಅಭ್ಯಾಸದಲ್ಲಿ ಅಷ್ಟು ಚೆನ್ನಾಗಿ ಆಡುವ ಪುಟ್ಟಿ ಪಂದ್ಯ ಅಂದರೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ, "ನಾನು ಆಡಲ್ಲ" ಅಂತ ಅಳುತ್ತಾಳೆ ಅಂದಿದ್ದೀಯ. ಮೊದಲನೇ ಮಾತು, ಅವಳು ನೆಪ ಹೇಳುತ್ತಿಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ. ಎದೆ ಡವಡವ ಅನ್ನುತ್ತದೆ, ರಕ್ತ ಹೊಟ್ಟೆ ಬಿಟ್ಟು ಕೈಕಾಲಿನ ಕಡೆ ಹರಿಯುತ್ತದೆ, ಜೀರ್ಣ ನಿಧಾನವಾಗುತ್ತದೆ. ಆ ನೋವು ನಿಜವಾದದ್ದೇ. "ಏನೂ ಆಗಿಲ್ಲ, ಸುಮ್ನಿರು" ಅಂದರೆ ತನ್ನ ಮಾತನ್ನು ಅಮ್ಮನೂ ನಂಬಲ್ಲ ಅಂದುಕೊಳ್ಳುತ್ತಾಳೆ ಅಷ್ಟೇ. "ಭಯ ಆಗ್ತಿದೆ ಅಲ್ವಾ? ಭಯ ಇದ್ದರೂ ಆಡಬಹುದು" ಅಂತ ಹೇಳಿ ನೋಡು.

"ಸೋತರೆ ಏನಾಗತ್ತೆ?" ಅಂತ ಮತ್ತೆ ಮತ್ತೆ ಕೇಳುತ್ತಾಳಂತೆ. ಒಂದು ಸಲ ಸಮಾಧಾನವಾಗಿ ಉತ್ತರ ಕೊಡು. ಹತ್ತು ಸಲ ಕೊಟ್ಟರೆ ಹನ್ನೊಂದನೆಯದು ಬಂದೇ ಬರುತ್ತದೆ. ಗೆದ್ದೇ ಗೆಲ್ತೀಯ ಅಂತ ಮಾತ್ರ ಭರವಸೆ ಕೊಡಬೇಡ. ಅದು ನಿನ್ನ ಕೈಯಲ್ಲಿಲ್ಲ, ಅವಳಿಗೂ ಅದು ಗೊತ್ತು.

ಅಳು ನೋಡಲಾಗದೆ ಗೇಟಿನಿಂದಲೇ ವಾಪಸ್ ಕರೆತರುವ ಆಸೆ ಆಗುತ್ತದೆ, ನನಗೆ ಅರ್ಥವಾಗುತ್ತದೆ. ಆ ಕ್ಷಣ ಅವಳಿಗೆ ಹಾಯ್ ಅನ್ನಿಸುತ್ತದೆ. ಆದರೆ ತಪ್ಪಿಸಿಕೊಂಡರೆ ಮಾತ್ರ ಬಚಾವ್ ಅನ್ನುವುದನ್ನು ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಭಯ ಇನ್ನೂ ಜಾಸ್ತಿ. ಹಾಗಂತ ತಳ್ಳುವುದೂ ಬೇಡ. ಹೆಜ್ಜೆ ಚಿಕ್ಕದು ಮಾಡು. ಒಂದು ದಿನ ಬರೀ ವಾರ್ಮ್ ಅಪ್, ಇನ್ನೊಂದು ದಿನ ಗೆಳತಿಯ ಜೊತೆ ಸ್ನೇಹದ ಪಂದ್ಯ, ಆಮೇಲೆ ಚಿಕ್ಕ ಟೂರ್ನಮೆಂಟ್. ಯಾವುದಕ್ಕೆ ಹೋಗಬೇಕು, ಯಾವುದು ಬೇಡ ಅನ್ನುವುದನ್ನು ಮನೆಯಲ್ಲಿ, ಮನಸ್ಸು ತಣ್ಣಗಿದ್ದಾಗ, ಅವಳ ಜೊತೆ ಕೂತು ತೀರ್ಮಾನಿಸು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದನ್ನೂ ಅಂಥ ದಿನಗಳಲ್ಲೇ ರೂಢಿ ಮಾಡಿಸು. ಪಂದ್ಯದ ದಿನ ಹೊಸದಾಗಿ ಕಲಿಸಿದರೆ ತಲೆಗೆ ಹತ್ತುವುದಿಲ್ಲ.

"ಮನಸ್ಸು ಗಟ್ಟಿ ಇಲ್ಲ" ಅನ್ನುವ ನಿನ್ನ ಗಂಡನಿಗೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಿಷಯ ಹೇಳು. 2021ರಲ್ಲಿ, ಟೋಕಿಯೊ ಒಲಿಂಪಿಕ್ಸ್ ನಡುವೆ, ಗಾಳಿಯಲ್ಲಿ ತಿರುಗುವಾಗ ತನ್ನ ಮೈ ಎಲ್ಲಿದೆ ಅನ್ನುವುದೇ ತಿಳಿಯದಂತಾಗಿ ಅವರು ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು. ಅದೇ ಕೂಟದಲ್ಲಿ ಬೀಮ್‌ಗೆ, ಅಂದರೆ ಕಿರಿದಾದ ತೊಲೆಯ ಮೇಲೆ ಕಸರತ್ತು ಮಾಡುವ ಸ್ಪರ್ಧೆಗೆ, ಮರಳಿ ಕಂಚು ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ಮನಸ್ಸಿಗೆ ಥೆರಪಿ ಪಡೆಯುತ್ತಿರುವುದನ್ನು ಅವರು ಮುಚ್ಚಿಡಲೂ ಇಲ್ಲ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಪಂದ್ಯ ಮುಗಿದ ಮೇಲಿನ ಹೊತ್ತಿನ ಬಗ್ಗೆ. ವಾಪಸ್ ಬರುವ ದಾರಿಯಲ್ಲಿ ಆ ಶಾಟ್ ಯಾಕೆ ಹಾಗೆ ಹೊಡೆದೆ ಅಂತ ಶುರುಮಾಡಬೇಡಿ, ಇಬ್ಬರೂ. ಆ ಹೊತ್ತಿಗೆ ಮಗು ದಣಿದಿರುತ್ತದೆ, ತನ್ನ ತಪ್ಪು ನಿಮಗಿಂತ ಚೆನ್ನಾಗಿ ಅದಕ್ಕೇ ಗೊತ್ತಿರುತ್ತದೆ. "ನೀನು ಆಡೋದು ನೋಡೋಕೆ ನಂಗಿಷ್ಟ" ಅನ್ನು, ಹಸಿವಾಗಿದೆಯಾ ಕೇಳು, ಸಾಕು. ಆಟದ ಮಾತು ಅವಳೇ ಎತ್ತಿದರೆ ಕೇಳಿಸಿಕೋ. ಗೆದ್ದ ದಿನವೂ ಇದೇ ಮಾತು, ಇದೇ ದನಿ ಇರಲಿ. ಗೆದ್ದಾಗ ಹಬ್ಬ, ಸೋತಾಗ ಮೌನ ಆದರೆ, ಪ್ರತಿ ಪಾಯಿಂಟಿನ ಜೊತೆ ಅಮ್ಮ ಅಪ್ಪನ ಮುಖವನ್ನೂ ಗೆಲ್ಲಬೇಕಾದ ಹೊರೆ ಅವಳ ಮೇಲೆ ಬೀಳುತ್ತದೆ. ಪಂದ್ಯದ ನಡುವೆಯೂ ಮಕ್ಕಳು ನಮ್ಮ ಕಡೆ ತಿರುಗಿ ನೋಡುತ್ತಾರೆ, ಗಮನಿಸಿದ್ದೀಯಾ?

ಭಯ ಆಟ ದಾಟಿ ನಿದ್ದೆ, ಊಟ, ಶಾಲೆಗೂ ಹಬ್ಬಿ ವಾರಗಟ್ಟಲೆ ನಿಂತರೆ ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗು. ಮಕ್ಕಳ ಆತಂಕಕ್ಕೆ ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಬದುಕೇ ಬೇಡ ಅನ್ನುವಂಥ ಮಾತು ಬಂದರೆ ಅದೇ ದಿನ ಹೋಗು, ಕಾಯಬೇಡ.

ಕೋಚ್‌ಗೂ ವಿಷಯ ತಿಳಿಸು, ಆದರೆ ಮೊದಲು ಪುಟ್ಟಿಯನ್ನು ಕೇಳಿ. ಎಲ್ಲರ ಮುಂದೆ ಬೈಯಬೇಡಿ ಅಂತ ಕೇಳಿಕೊಳ್ಳುವುದರಲ್ಲಿ ಸಂಕೋಚ ಏನೂ ಇಲ್ಲ. ಅವರು ಏನಂದರು ಅಂತ ನನಗೆ ಬರಿ.

ನಿನ್ನ ದೊಡ್ಡಮ್ಮ