ಸಂಜೆ ತರಗತಿಯ ವೈ-ಫೈ ಹಂಚಿಕೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಎಸ್‌ಎಸ್‌ಎಲ್‌ಸಿ ಮಕ್ಕಳ ಸಂಜೆಯ ವಿಶೇಷ ತರಗತಿಯಲ್ಲಿ ನೆಟ್ ತುಂಬಾ ನಿಧಾನ ಎಂದು ಕಳೆದ ಪೋಷಕರ ಸಭೆಯಲ್ಲಿ ಹಲವರು ಹೇಳಿದಿರಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳೋಣ ಎಂಬ ಮಾತೂ ಬಂತು. ಆ ಹಣ ಬೇಡ. ಯಾರೂ ಕೊಡಬೇಕಾಗಿಲ್ಲ, ಶಾಲೆಯ ಹೆಸರಿನಲ್ಲಿ ಯಾರೂ ಸಂಗ್ರಹಿಸುವುದೂ ಬೇಡ. ಅದರ ಬದಲು ರೌಟರ್, ಅಂದರೆ ವೈ-ಫೈ ಹಂಚುವ ಪೆಟ್ಟಿಗೆ, ಕೆಲಸ ಮಾಡುವ ರೀತಿಯನ್ನೇ ಬದಲಿಸಿದ್ದೇವೆ. ಆಮೇಲೆ ಎರಡು ಬಗೆಯ ದೂರು ಬಂದಿವೆ. ಹೊಸ ಟ್ಯಾಬ್ ಕೊಡಿಸಿದವರು, ಹಳೆಯ ಟ್ಯಾಬ್‌ಗಳನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎನ್ನುತ್ತಾರೆ. ಹಳೆಯ ಟ್ಯಾಬ್ ಕಳಿಸಿದವರು, ನಮ್ಮ ಮಗುವಿನದು ಮೊದಲಿಗಿಂತ ನಿಧಾನವಾಗಿದೆ, ಇದು ಭೇದಭಾವ ಎನ್ನುತ್ತಾರೆ. ಎರಡನೆಯ ಮಾತು ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಸಮಾಧಾನವಾಗಿ ಓದಿ.

ಶಾಲೆಗೆ ಬರುವ ಫೈಬರ್ ಲೈನ್‌ನಲ್ಲಿ ಕೊರತೆ ಇಲ್ಲ. ಅದಕ್ಕೆ ನೇರವಾಗಿ ತಂತಿ ಜೋಡಿಸಿರುವ ಕಚೇರಿಯ ಕಂಪ್ಯೂಟರಿನಲ್ಲಿ ಪಾಠದ ವಿಡಿಯೊ ತಡೆಯಿಲ್ಲದೆ ಓಡುತ್ತಿರುವಾಗಲೇ ತರಗತಿಯ ಟ್ಯಾಬ್‌ಗಳಲ್ಲಿ ಚಕ್ರ ಸುತ್ತುತ್ತಿತ್ತು. ಕೊರತೆ ಇರುವುದು ರೌಟರ್‌ನಿಂದ ಮಕ್ಕಳ ಕೈವರೆಗೆ, ಗಾಳಿಯಲ್ಲಿ. ದೊಡ್ಡ ಪ್ಲಾನ್ ಹಾಕಿಸಿದರೆ ಕಚೇರಿಯ ಕಂಪ್ಯೂಟರ್ ಇನ್ನಷ್ಟು ಚುರುಕಾಗುತ್ತಿತ್ತು, ತರಗತಿಯ ಚಕ್ರ ಹಾಗೆಯೇ ಸುತ್ತುತ್ತಿತ್ತು.

ನಮ್ಮಲ್ಲಿರುವಂಥ ವೈ-ಫೈಯಲ್ಲಿ ಒಂದು ಚಾನೆಲ್ (ಗಾಳಿಯಲ್ಲಿನ ಒಂದು ದಾರಿ ಎನ್ನಿ) ಮೇಲೆ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು. ಎರಡು ಒಟ್ಟಿಗೆ ಹೊರಟರೆ ಎರಡರ ಮಾತೂ ಕೆಡುತ್ತದೆ. ಅದಕ್ಕಾಗಿ ಪ್ರತಿ ಸಾಧನವೂ ಮೊದಲು ಆಲಿಸುತ್ತದೆ. ಗಾಳಿ ಖಾಲಿ ಇದೆ ಎಂದು ಗೊತ್ತಾದ ಮೇಲೂ ಮನಬಂದ ಒಂದು ಸಣ್ಣ ಎಣಿಕೆ ಎಣಿಸಿ, ಆಗಲೂ ಯಾರೂ ಮಾತಾಡದಿದ್ದರೆ ತನ್ನ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಸಣ್ಣ ಕಟ್ಟು, ಕಳಿಸುತ್ತದೆ. 1997ರಲ್ಲಿ ವೈ-ಫೈಯ ಮೊದಲ ಮಾನದಂಡ ಬಂದಾಗಿನಿಂದ ಇದೇ ಪದ್ಧತಿ. ಇದರಿಂದ ಎಲ್ಲರಿಗೂ ಹೆಚ್ಚುಕಡಿಮೆ ಸಮಾನ ಸರದಿ ಸಿಗುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಎಲ್ಲಿ ಅಂದರೆ, ಎಲ್ಲರ ಸರದಿಯೂ ಒಂದೇ ಉದ್ದದ್ದಲ್ಲ.

ರೌಟರ್ ಮತ್ತು ಟ್ಯಾಬ್ ಎಷ್ಟು ವೇಗದಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದು ದೂರ, ನಡುವಿನ ಗೋಡೆ, ಟ್ಯಾಬ್‌ನ ವಯಸ್ಸು ಇವನ್ನೆಲ್ಲ ಅವಲಂಬಿಸಿದೆ. ರೌಟರ್ ಕೆಳಗೇ ಕುಳಿತ ಹುಡುಗಿಯ ಟ್ಯಾಬ್ ಸೆಕೆಂಡಿಗೆ 54 ಮೆಗಾಬಿಟ್ ವೇಗದಲ್ಲಿ ಮಾತಾಡುತ್ತಿದೆ ಎನ್ನಿ. ಪಕ್ಕದ ಕೋಣೆಯಲ್ಲಿ, ಹಳೆ ಕಟ್ಟಡದ ದಪ್ಪ ಗೋಡೆಯಾಚೆ ಕುಳಿತ ಹುಡುಗನ ಟ್ಯಾಬ್ 6 ಮೆಗಾಬಿಟ್‌ಗೆ ಇಳಿದಿದೆ. ಒಂದು ಬೈಟ್‌ಗೆ 8 ಬಿಟ್, ಒಂದು ಮೆಗಾಬಿಟ್ ಎಂದರೆ ಹತ್ತು ಲಕ್ಷ ಬಿಟ್. 1,500 ಬೈಟ್‌ಗಳ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. ಅದು ಅವಳಿಗೆ ತಲುಪಲು 0.22 ಮಿಲಿಸೆಕೆಂಡ್ ಸಾಕು, ಅವನಿಗೆ ತಲುಪಲು 2 ಮಿಲಿಸೆಕೆಂಡ್ ಬೇಕು. ಇಬ್ಬರಿಗೂ ಒಂದೊಂದು ಪ್ಯಾಕೆಟ್ ಎಂದು ಸರದಿ ಕೊಟ್ಟರೆ ಒಂದು ಸುತ್ತಿಗೆ 2.22 ಮಿಲಿಸೆಕೆಂಡ್ ಆಗುತ್ತದೆ. ಕಾಯುವ ಹೊತ್ತು, ಉತ್ತರ ಬರುವ ಹೊತ್ತು ಎಲ್ಲ ಬಿಟ್ಟು ಲೆಕ್ಕ ಹಾಕಿದರೂ ಇಬ್ಬರಿಗೂ ಸಿಗುವುದು ತಲಾ 5.4 ಮೆಗಾಬಿಟ್. 54ರ ಸಾಮರ್ಥ್ಯವಿದ್ದ ಟ್ಯಾಬ್ 5.4ಕ್ಕೆ ಇಳಿಯಿತು! ಹತ್ತು ಪಾಲು ಹೊತ್ತಿನಲ್ಲಿ ಒಂಬತ್ತು ಪಾಲು ಒಬ್ಬನ ಬಳಿಯೇ ಹೋಯಿತು. ಅಷ್ಟಾದರೂ ಅವನಿಗೆ ಸಿಕ್ಕಿದ್ದು ಅದೇ 5.4 ಮೆಗಾಬಿಟ್. ನಿಮ್ಮಲ್ಲಿ ಲೆಕ್ಕ ಬಲ್ಲವರು ದಯವಿಟ್ಟು ಕಾಗದ ತೆಗೆದು ಒಮ್ಮೆ ಹಾಕಿ ನೋಡಿ, ಮಕ್ಕಳಿಂದಲೂ ಹಾಕಿಸಿ.

ಇದನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲೇ ಬಿಡಿಸಿ ತೋರಿಸಿದ್ದರು. ಆಗ ಬಳಕೆಯಲ್ಲಿದ್ದ 11 ಮೆಗಾಬಿಟ್‌ನ ವೈ-ಫೈಯಲ್ಲಿ 1 ಮೆಗಾಬಿಟ್‌ನ ಒಂದೇ ಒಂದು ಸಾಧನ ಸೇರಿಕೊಂಡರೆ ಉಳಿದವರೆಲ್ಲ ಹೆಚ್ಚುಕಡಿಮೆ ಅದರ ಮಟ್ಟಕ್ಕೇ ಇಳಿಯುತ್ತಾರೆ ಎಂದು. ಗೊತ್ತಿದ್ದೂ ಇಷ್ಟು ವರ್ಷ ನಮ್ಮಂಥ ಶಾಲೆಗಳಲ್ಲಿ ಮಕ್ಕಳು ಚಕ್ರ ನೋಡುತ್ತ ಕುಳಿತಿದ್ದಾರಲ್ಲ ಎಂದು ನನಗೆ ಬೇಸರವಾಗುತ್ತದೆ.

ಸರದಿ ನೀರನ್ನು ಗದ್ದೆ ತುಂಬುವ ಲೆಕ್ಕದಲ್ಲಿ ಬಿಟ್ಟರೆ ಏನಾಗುತ್ತದೆ, ಗಂಟೆಯ ಲೆಕ್ಕದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅಯ್ಯನಕೆರೆ ಅಚ್ಚುಕಟ್ಟಿನ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ತುಂಬುವವರೆಗೆ ಎಂದು ಬಿಟ್ಟರೆ ನೀರು ಇಂಗುವ ಒಂದೇ ಗದ್ದೆ ಇಡೀ ರಾತ್ರಿ ಕುಡಿಯುತ್ತದೆ, ಕೆಳಗಿನವರೆಲ್ಲ ಗುದ್ದಲಿ ಹಿಡಿದು ಕಾಯುತ್ತಾರೆ. ನೀರುಗಂಟಿ ಹೊತ್ತು ನೋಡಿ ತೂಬು ತಿರುಗಿಸಿದರೆ ಎಲ್ಲರ ಗದ್ದೆಗೂ ನೀರು ಮುಟ್ಟುತ್ತದೆ. ನಮ್ಮ ರೌಟರ್‌ಗೆ ಈಗ ಆ ಕೆಲಸ ಕೊಟ್ಟಿದ್ದೇವೆ. ಗಣಿತ ಶಿಕ್ಷಕರು ಅದರೊಳಗೆ ಲಿನಕ್ಸ್ ಎಂಬ, ಯಾರು ಬೇಕಾದರೂ ಬಳಸಬಹುದಾದ ವ್ಯವಸ್ಥೆಯನ್ನು ಆಧರಿಸಿದ ಮುಕ್ತ ತಂತ್ರಾಂಶ ಹಾಕಿದ್ದಾರೆ. ಅದು ಪ್ಯಾಕೆಟ್ ಎಣಿಸುವುದಿಲ್ಲ, ಪ್ರತಿ ಟ್ಯಾಬ್ ಎಷ್ಟು ಹೊತ್ತು ಗಾಳಿಯನ್ನು ಬಳಸಿತು ಎಂದು ಲೆಕ್ಕ ಇಡುತ್ತದೆ. ಇದಕ್ಕೆ ಏರ್‌ಟೈಮ್ ಹಂಚಿಕೆ ಎನ್ನುತ್ತಾರೆ. ಪ್ರತಿ ಸುತ್ತಿನಲ್ಲಿ ಎಲ್ಲರ ಖಾತೆಗೂ ಅಷ್ಟಷ್ಟೇ ಹೊತ್ತು ಜಮಾ ಆಗುತ್ತದೆ. ಬಳಸಿದಷ್ಟು ಕಳೆಯುತ್ತದೆ. ಖಾತೆ ಖಾಲಿಯಾದವರು ಮುಂದಿನ ಜಮಾದವರೆಗೆ ಕಾಯಬೇಕು. ಒಮ್ಮೆ ಮಿತಿ ಮೀರಿ ಬಳಸಿದ್ದರೆ ಅದು ಸಾಲವಾಗಿ ಮುಂದಿನ ಸುತ್ತಿನಲ್ಲಿ ಕಳೆಯುತ್ತದೆ.

ಈ ಖಾತೆಯ ಉಪಾಯವನ್ನು ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಎಂಬ ಇಬ್ಬರು 1995ರಲ್ಲಿ ತಂತಿಯ ಜಾಲಗಳಿಗಾಗಿ ಬೈಟ್ ಲೆಕ್ಕದಲ್ಲಿ ಮಂಡಿಸಿದ್ದರು. ವೈ-ಫೈಗೆ ಹೊಂದುವಂತೆ ಬೈಟ್ ಜಾಗದಲ್ಲಿ ಹೊತ್ತನ್ನು ಇಟ್ಟು, ಅದನ್ನು ಲಿನಕ್ಸ್‌ಗೆ ಸೇರಿಸಿ, 2017ರಲ್ಲಿ ಅದರ ಪ್ರಬಂಧ ಪ್ರಕಟಿಸಿದವರು ಟೋಕೆ ಹೊಯ್ಲಂಡ್-ಯರ್ಗೆನ್ಸನ್ ಮತ್ತು ಸಂಗಡಿಗರು. ರೌಟರ್‌ನೊಳಗೆ ಪ್ಯಾಕೆಟ್‌ಗಳು ರಾಶಿ ಬಿದ್ದು ಕಾಯುವುದನ್ನೂ ಅವರು ತಗ್ಗಿಸಿದರು. ಒತ್ತಡವಿದ್ದಾಗಿನ ವಿಳಂಬ ಸುಮಾರು ಹತ್ತನೇ ಒಂದಕ್ಕೆ ಇಳಿಯಿತು. ಅವರೆಲ್ಲ ಇದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದ್ದರಿಂದಲೇ ಕಡೂರು ತಾಲ್ಲೂಕಿನ ನಮ್ಮ ಶಾಲೆಗೆ ಇದು ಖರ್ಚಿಲ್ಲದೆ ಸಿಕ್ಕಿದೆ. ಆ ಕೃತಜ್ಞತೆಯನ್ನು ಮಕ್ಕಳಿಗೂ ಹೇಳಿದ್ದೇನೆ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಮೇಲಿನ ಲೆಕ್ಕವನ್ನೇ ಹೊತ್ತಿನ ಹಂಚಿಕೆಗೆ ಹಾಕಿದರೆ ಹುಡುಗಿಗೆ 27 ಮೆಗಾಬಿಟ್ ಸಿಗುತ್ತದೆ, ಹುಡುಗನಿಗೆ 3. ಒಟ್ಟು 10.8 ಇದ್ದದ್ದು 30 ಆಯಿತು, ನಿಜ. ಆದರೆ ಹುಡುಗನದು 5.4ರಿಂದ 3ಕ್ಕೆ ಇಳಿಯಿತು. ಮೊದಲಿಗಿಂತ ನಿಧಾನ ಎಂದು ಬರೆದ ಪೋಷಕರು ಕಂಡದ್ದು ಸರಿಯಾಗಿಯೇ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೂ ಇದು ಭೇದಭಾವ ಅಲ್ಲ ಎಂದು ನಾನು ಏಕೆ ನಂಬುತ್ತೇನೆ ಎಂದರೆ, ಆ ಕೋಣೆಯಲ್ಲಿ ಹೊಸ ಟ್ಯಾಬ್ ಒಂದೂ ಇಲ್ಲದೆ, ಇಬ್ಬರದೂ 6 ಮೆಗಾಬಿಟ್‌ನದೇ ಆಗಿದ್ದರೆ ಅವನಿಗೆ ಸಿಗುತ್ತಿದ್ದದ್ದೂ 3. ಪಕ್ಕದವಳ ಟ್ಯಾಬ್ ವೇಗದ್ದಾಗಿದೆ ಎಂಬ ಕಾರಣಕ್ಕೆ ಅವನು ಕಳೆದುಕೊಂಡದ್ದು ಏನೂ ಇಲ್ಲ. ಅವನದು ನಿಧಾನ ಎಂಬ ಕಾರಣಕ್ಕೆ ಅವಳೂ ಕಳೆದುಕೊಳ್ಳುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಟ್ಯಾನ್ ಮತ್ತು ಗಟ್ಟಾಗ್ 2004ರಲ್ಲಿ ಹೊತ್ತಿನ ಹಂಚಿಕೆಯ ಪರವಾಗಿ ವಾದಿಸಿದ್ದು ಈ ಗುಣವನ್ನು ಮುಂದಿಟ್ಟುಕೊಂಡೇ. ನಿಧಾನದ ಟ್ಯಾಬ್‌ಗಳನ್ನು ಜಾಲದಿಂದಲೇ ಹೊರಗಿಡುವುದು ಇನ್ನೊಂದು ದಾರಿ. ಅನೇಕ ಕಡೆ ಹಾಗೆ ಮಾಡುತ್ತಾರೆ. ಅದಕ್ಕೆ ನಾನು ಒಪ್ಪಲಿಲ್ಲ, ಮುಂದೆಯೂ ಒಪ್ಪುವುದಿಲ್ಲ.

ಹೊತ್ತು ಸಮಾನವಾಗಿ ಸಿಕ್ಕ ಮಾತ್ರಕ್ಕೆ ಪಾಠ ಸಮಾನವಾಗಿ ಸಿಕ್ಕಂತಾಗಲಿಲ್ಲ ಎಂಬುದು ನನಗೆ ಗೊತ್ತು. ಆ ಕೊರತೆಯನ್ನು ತುಂಬುವುದು ರೌಟರ್‌ನ ಕೆಲಸವಲ್ಲ, ಶಾಲೆಯದು. ಹಾಗಾಗಿ ಹಳೆಯ ಟ್ಯಾಬ್‌ನ ಮಕ್ಕಳನ್ನೆಲ್ಲ ಗೋಡೆಯಾಚೆಯಿಂದ ತೆಗೆದು ರೌಟರ್ ಇರುವ ಕೋಣೆಯ ಮುಂದಿನ ಬೆಂಚುಗಳಿಗೆ ಕರೆತಂದಿದ್ದೇವೆ. ಮಗುವಿನ ಜಾಗ ಯಾಕೆ ಬದಲಾಯಿತು ಎಂದು ಕೇಳಿದವರಿಗೆ ಇದೇ ಉತ್ತರ. ನಿಧಾನಕ್ಕೆ ಟ್ಯಾಬ್‌ನ ವಯಸ್ಸಿಗಿಂತ ದೂರ ಮತ್ತು ಗೋಡೆಯೇ ದೊಡ್ಡ ಕಾರಣ ಆಗಿರುವುದುಂಟು. ಹತ್ತಿರ ಬಂದ ಮೇಲೆ ಕೆಲವು ಹಳೆಯ ಟ್ಯಾಬ್‌ಗಳ ವೇಗ ಕಣ್ಣಿಗೆ ಕಾಣುವಷ್ಟು ಏರಿದೆ. ವೈ-ಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಬೇರೆ ಬೇರೆ ಅಲೆಪಟ್ಟಿಗಳಿವೆ. 5 ಗಿಗಾಹರ್ಟ್ಸ್ ಹಿಡಿಯಬಲ್ಲ ಹೊಸ ಟ್ಯಾಬ್‌ಗಳನ್ನು ಆದಷ್ಟು ಅತ್ತ ಸರಿಸಿದ್ದೇವೆ. 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯವಕ್ಕೆ ಆ 2.4ರಲ್ಲಿ ಜಾಗ ಸಡಿಲವಾಗಿದೆ.

ಪಠ್ಯಪುಸ್ತಕದ ಕ್ಯುಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ವಿಡಿಯೊಗಳನ್ನು ಹಳೆಯ ಟ್ಯಾಬ್‌ಗಳಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲೇ ಇಳಿಸಿಡುತ್ತೇವೆ. ಸಂಜೆ ಅವು ನೆಟ್ ಇಲ್ಲದೆಯೂ ಓಡುತ್ತವೆ. ವಿಡಿಯೊಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟು ಅಲ್ಲಿಂದಲೇ ಕೊಡಬಾರದೇ ಎಂದು ಒಬ್ಬ ತಂದೆ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅದರಿಂದ ಫೈಬರ್ ಲೈನ್‌ನ ಹೊರೆ ಇಳಿಯುತ್ತದೆ, ಆದರೆ ಆ ವಿಡಿಯೊ ಕೂಡ ಇದೇ ಗಾಳಿಯಲ್ಲೇ ಬರಬೇಕಲ್ಲ? ಕಿರುಪರೀಕ್ಷೆಯ ದಿನ ಮಾತ್ರ ಬೇರೆ ವ್ಯವಸ್ಥೆ. ಎಲ್ಲರ ಕೈಗೂ ಒಂದೇ ಪ್ರಶ್ನೆಪತ್ರಿಕೆ ಒಂದೇ ಹೊತ್ತಿಗೆ ತಲುಪಬೇಕು. ಅಂದು ನಿಧಾನದ ಟ್ಯಾಬ್‌ಗಳಿಗೆ ಸಿಗುವ ಹೊತ್ತಿನ ಪಾಲನ್ನು ಹೆಚ್ಚಿಸುತ್ತೇವೆ, ಆ ತಂತ್ರಾಂಶದಲ್ಲಿ ಅದಕ್ಕೆ ಅವಕಾಶವಿದೆ. ಹೊಸ ಟ್ಯಾಬ್‌ನ ಮಕ್ಕಳು ಅಂದು ತುಸು ಕಾಯುತ್ತಾರೆ. ಇದು ನನ್ನ ನಿರ್ಧಾರ.

ಶಾಲೆಯಲ್ಲಿ ಕಚೇರಿಗೊಂದು, ಶಿಕ್ಷಕರಿಗೊಂದು, ಮಕ್ಕಳಿಗೊಂದು ಎಂದು ಬೇರೆ ಬೇರೆ ವೈ-ಫೈ ಹೆಸರುಗಳಿದ್ದವು. ಈಗ ಒಂದೇ ಇದೆ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು 10 ಸಲ ನಾನಿಲ್ಲಿದ್ದೇನೆ ಎಂದು ಕೂಗುತ್ತದೆ, ಅದೂ ಅತಿ ನಿಧಾನದ ವೇಗದಲ್ಲಿ. ಅಷ್ಟು ಹೊತ್ತು ಗಾಳಿ ಮಕ್ಕಳಿಗೆ ಸಿಗುವುದಿಲ್ಲ.

ನಿಮ್ಮಿಂದ ಆಗಬೇಕಾದದ್ದೂ ಇದೆ. ರೌಟರ್ ತಾನು ಕಳಿಸುವುದನ್ನು ಮಾತ್ರ ನೇರವಾಗಿ ಹಂಚಬಲ್ಲದು. ಟ್ಯಾಬ್ ತಾನಾಗಿ ಹೊರಗೆ ಕಳಿಸುವುದರ ಮೇಲೆ ಅದಕ್ಕೆ ಅಷ್ಟು ಹಿಡಿತವಿಲ್ಲ. ಮದುವೆಯ ಫೋಟೊ, ವಿಡಿಯೊ ತುಂಬಿದ ಟ್ಯಾಬ್ ತರಗತಿಗೆ ಬಂದ ಕೂಡಲೇ ಅವನ್ನೆಲ್ಲ ಬ್ಯಾಕಪ್‌ಗೆ ಕಳಿಸತೊಡಗಿದರೆ ಇಡೀ ಕೋಣೆ ಕಾಯುತ್ತದೆ. ಆದ್ದರಿಂದ ಮನೆಯಿಂದ ಕಳಿಸುವ ಮುನ್ನ ಫೋಟೊ ಬ್ಯಾಕಪ್ ಮತ್ತು ಆ್ಯಪ್‌ಗಳ ತಾನಾಗಿ ಆಗುವ ಅಪ್‌ಡೇಟ್ ನಿಲ್ಲಿಸಿ ಕಳಿಸಿ. ಹೇಗೆಂದು ತಿಳಿಯದಿದ್ದರೆ ಹಾಗೆಯೇ ಕಳಿಸಿ, ಇಲ್ಲಿ ನಾವು ಮಾಡಿಕೊಡುತ್ತೇವೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದು ಕಾರಿಡಾರ್‌ನಲ್ಲಿ ಕಾಯುವವರು ದಯವಿಟ್ಟು ನಿಮ್ಮ ಫೋನಿನ ಹಾಟ್‌ಸ್ಪಾಟ್ ಆಫ್ ಮಾಡಿರಿ. ಅದು ನಮ್ಮ ಚಾನೆಲ್‌ನಲ್ಲೇ ಇದ್ದರೆ ಮಕ್ಕಳ ಹೊತ್ತನ್ನೇ ತಿನ್ನುತ್ತದೆ. ಶಾಲೆಯ ಪಾಸ್‌ವರ್ಡ್ ಕೇಳಬೇಡಿ, ಮಕ್ಕಳೂ ಹೇಳುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಈ ಪತ್ರ ಓದಿ ಯಾರೂ ಸಾಲ ಮಾಡಿ ಹೊಸ ಟ್ಯಾಬ್ ತರಬೇಡಿ. ಈರುಳ್ಳಿಗೆ ಬೆಲೆ ಬಂದ ವರ್ಷ ಕೊಡಿಸುವುದಾದರೆ ನಿಮ್ಮಿಷ್ಟ, ಆದರೆ ಎಸ್‌ಎಸ್‌ಎಲ್‌ಸಿಗಾಗಿ ಅದು ಬೇಕಾಗಿಲ್ಲ. ಟ್ಯಾಬ್ ಇಲ್ಲದ ಮಕ್ಕಳಿಗೆ ಶಾಲೆಯದು ಇದೆ. ಹಳೆಯದು, ಪರದೆ ಒಡೆದದ್ದು, ಅಣ್ಣ ಅಕ್ಕಂದಿರು ಬಳಸಿ ಬಿಟ್ಟದ್ದು, ಯಾವುದಾದರೂ ಮನೆಯಲ್ಲಿ ಸುಮ್ಮನೆ ಬಿದ್ದಿದ್ದರೆ ಸಂಕೋಚವಿಲ್ಲದೆ ಕಳಿಸಿ. ಅದಕ್ಕೂ ಉಳಿದವುಗಳಷ್ಟೇ ಹೊತ್ತು ಸಿಗುತ್ತದೆ.

ಯಾವ ಟ್ಯಾಬ್‌ಗೆ ಎಷ್ಟು ಹೊತ್ತು ಸಿಕ್ಕಿತು ಎಂಬುದು ರೌಟರ್‌ನ ಲೆಕ್ಕದಲ್ಲಿ ಕಾಣುತ್ತದೆ. ಅನುಮಾನ ಇರುವವರು ಶನಿವಾರ ತರಗತಿ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ. ಗಣಿತ ಶಿಕ್ಷಕರು ಪರದೆಯ ಮೇಲೆ ತೋರಿಸುತ್ತಾರೆ, ನಾನೂ ಇರುತ್ತೇನೆ. ಟ್ಯಾಬ್ ಕಳಿಸುವವರು ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಮಗುವಿನ ಕೈಯಲ್ಲಿ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸಖರಾಯಪಟ್ಟಣ ಹೋಬಳಿ, ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ