ಗೌಪ್ಯ ಫ್ಯಾಕ್ಸ್‌ಗಳು ಪಿನ್ ಇಲ್ಲದೆ ಪ್ರಿಂಟ್ ಆಗುತ್ತಿರುವ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್, ಸರ್ವಿಸ್ ವಿಭಾಗ,
ಮಂಗಳೂರು

ಮಾನ್ಯರೇ,

ಹಂಪನಕಟ್ಟೆಯ ನಮ್ಮ ವಕೀಲರ ಕಚೇರಿಗೆ ನೀವು ಬಾಡಿಗೆಗೆ ಕೊಟ್ಟಿರುವ ಪ್ರಿಂಟರ್-ಫ್ಯಾಕ್ಸ್ ಮೆಷಿನ್ ಬಗ್ಗೆ ಈ ದೂರು. ಬಂದ ಫ್ಯಾಕ್ಸ್ ಒಳಗೇ ಇರುತ್ತದೆ, ಪಿನ್ ಒತ್ತಿದರೆ ಮಾತ್ರ ಪ್ರಿಂಟ್ ಆಗುತ್ತದೆ ಎಂದು ಹೇಳಿಯೇ ನೀವು ಇದನ್ನು ಕೊಟ್ಟದ್ದು. ಮೊದಲು ಹಾಗೇ ಇತ್ತು. ನಿಮ್ಮವರು ಮೆಷಿನ್ ಒಳಗಿನ ಸರ್ಕ್ಯೂಟ್ ಬೋರ್ಡ್ ಬದಲಿಸಿ ಹೋದ ಮೇಲೆ ಬಂದದ್ದೆಲ್ಲ ನೇರ ಟ್ರೇಗೆ ಬೀಳುತ್ತಿದೆ.

ಈ ಕಾಲದಲ್ಲೂ ಫ್ಯಾಕ್ಸಾ ಎಂದು ನಿಮ್ಮ ಟೆಕ್ನಿಷಿಯನ್ ನಕ್ಕರು. ನಗಲಿ. ನಮ್ಮ ಕೆಲವು ಕಕ್ಷಿದಾರರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ಎಷ್ಟೋ ಆಸ್ಪತ್ರೆಗಳು ಚಿಕಿತ್ಸೆಯ ದಾಖಲೆಗಳನ್ನು ಈಗಲೂ ಫ್ಯಾಕ್ಸಿನಲ್ಲೇ ಕಳಿಸುತ್ತವೆ. ಅವರ ಹಗಲು ನಮಗೆ ರಾತ್ರಿ, ಅಲ್ವಾ? ಹಾಗಾಗಿ ಹಾಳೆಗಳು ಬೀಳುವುದು ನಾವು ಬೀಗ ಹಾಕಿ ಹೋದ ಮೇಲೆ. ಬೆಳಿಗ್ಗೆ ಮೊದಲು ಬರುವವರು ಗುಡಿಸುವ ಅಕ್ಕ. ಕಳೆದ ವಾರ ಅವರು ಹಾಳೆಗಳನ್ನು ಚೆನ್ನಾಗಿ ಜೋಡಿಸಿ, ಫ್ಯಾನಿಗೆ ಹಾರದ ಹಾಗೆ ಮೇಲೊಂದು ಸ್ಟೇಪ್ಲರ್ ಇಟ್ಟು, ಕಕ್ಷಿದಾರರು ಕೂರುವ ಬೆಂಚಿನ ಪಕ್ಕದ ಮೇಜಿನಲ್ಲಿ ಇಟ್ಟಿದ್ದರು. ಮೇಲಿನ ಹಾಳೆಯಲ್ಲೇ ರೋಗಿಯ ಹೆಸರು, ಹುಟ್ಟಿದ ದಿನ, ಕೆಳಗೆ ಮಾನಸಿಕ ಚಿಕಿತ್ಸೆಯ ವಿವರ. ನಾನು ಬರುವಾಗ ಬೆಂಚಿನಲ್ಲಿ ಜನ ಕೂತಾಗಿತ್ತು. ಅಕ್ಕನನ್ನು ದೂರುವಂತಿಲ್ಲ. ಅವರು ಕೆಲಸ ನೀಟಾಗಿಯೇ ಮಾಡಿದ್ದಾರೆ.

"ಸೆಕ್ಯೂರ್ ಪ್ರಿಂಟ್ ಆನ್ ಇದೆಯಲ್ಲ ಸಾರ್" ಎಂದರು ನಿಮ್ಮವರು. ಅದು ಪಿನ್ ಕೇಳುವುದು ನಮ್ಮ ಕಂಪ್ಯೂಟರಿನಿಂದ ಕೊಡುವ ಪ್ರಿಂಟಿಗೆ. ಫ್ಯಾಕ್ಸ್ ಬರುವುದು ಫೋನ್ ಲೈನಿನಲ್ಲಿ, ಅದನ್ನು ಮೆಮೊರಿಯಲ್ಲಿ ತಡೆದಿಡುವ ಸೆಟ್ಟಿಂಗೇ ಬೇರೆ. ಆಮೇಲೆ ಗೌಪ್ಯ ಬಾಕ್ಸ್, ಅಂದರೆ ಫ್ಯಾಕ್ಸ್ ಇಡಲು ಮೆಮೊರಿಯಲ್ಲಿ ನಂಬರ್ ಇರುವ ಬೇರೆ ಜಾಗ, ಮಾಡಿಕೊಡುತ್ತೇನೆ ಎಂದರು. ಅದಕ್ಕೆ ಕಳಿಸುವವರೇ ಬಾಕ್ಸ್ ನಂಬರ್ ಒತ್ತಬೇಕು. ಅಮೆರಿಕದ ಆಸ್ಪತ್ರೆಯ ಗುಮಾಸ್ತರಿಗೆ ಅದನ್ನು ನಾನು ಕಲಿಸುವುದು ಹೇಗೆ ಮಾರಾಯ್ರೇ?

ಇನ್ನೊಂದು. ನಾವು ಫ್ಯಾಕ್ಸ್ ಕಳಿಸಿದಾಗ ಬರುವ ರಿಪೋರ್ಟಿನಲ್ಲಿ ಮೊದಲ ಪುಟದ ಚಿತ್ರವೂ ಅಚ್ಚಾಗುತ್ತಿದೆ. ಅದನ್ನೂ ನಿಲ್ಲಿಸಿ.

ಕಕ್ಷಿದಾರರ ವಿಷಯ ಅವರ ಒಪ್ಪಿಗೆ ಇಲ್ಲದೆ ಹೊರಗೆ ಬಿಡಬಾರದು ಎಂಬುದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮಿನಲ್ಲಿ ವಕೀಲರಿಗೆ ಹಾಕಿದ ಕಟ್ಟು. ಬೋರ್ಡ್ ಬದಲಾದಾಗ ಸೆಟ್ಟಿಂಗ್ ಹೋಯಿತು ಎಂದು ನಾನು ಯಾರಿಗೆ ಹೇಳಲಿ? ನಾವೇ ಸರಿಮಾಡಿಕೊಳ್ಳೋಣ ಎಂದರೆ ಆ ಮೆನು ತೆರೆಯಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ನಿಮ್ಮ ಹತ್ತಿರ ಇದೆ, ಕೊಡಲಿಕ್ಕಾಗದು ಎನ್ನುತ್ತೀರಿ. ಬಾಡಿಗೆ ಮೆಷಿನ್ ನಿಮ್ಮದು, ಒಪ್ಪಿದೆ. ಅದರೊಳಗಿನ ಕಾಗದಪತ್ರ ನಮ್ಮದು.

ಈ ಶುಕ್ರವಾರದೊಳಗೆ ಗೊತ್ತಿರುವವರನ್ನು ಕಳಿಸಿ. ನನ್ನೆದುರೇ ಫ್ಯಾಕ್ಸಿಗೆ ಪಿನ್ ಲಾಕ್ ಹಾಕಿ, ಹೊರಗಿನಿಂದ ಒಂದು ಫ್ಯಾಕ್ಸ್ ತರಿಸಿ ನೋಡಬೇಕು. ಟೋನರ್ ಮುಗಿದಾಗ ಒಳಗೆ ಸೇರಿದ ಫ್ಯಾಕ್ಸ್‌ಗಳು ಹೊಸ ಟೋನರ್ ಹಾಕಿದ ಕೂಡಲೇ ಸಾಲಾಗಿ ಹೊರಬರಬಾರದು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಹೋದಾಗ ಮೆಮೊರಿಯಲ್ಲಿದ್ದದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಬರೆದು ಕೊಡಿ. ಪಾಸ್‌ವರ್ಡ್ ಹೊಸದು ಮಾಡಿ ನಮಗೂ ಕೊಡಿ. ಬಿಚ್ಚಿ ತೆಗೆದ ಹಳೆಯ ಬೋರ್ಡಿನಲ್ಲಿ ನಮ್ಮ ಫ್ಯಾಕ್ಸ್‌ಗಳು ಉಳಿದಿದ್ದರೆ ಅಳಿಸಿ, ಅದಕ್ಕೂ ಪತ್ರ ಬೇಕು.

ಅಲ್ಲಿಯವರೆಗೆ ಸಂಜೆ ಹೋಗುವಾಗ ಫೋನ್ ವಯರ್ ಎಳೆದಿಟ್ಟೇ ಹೋಗುತ್ತಿದ್ದೇವೆ. ರಾತ್ರಿ ಫ್ಯಾಕ್ಸೇ ಬಾರದ ಮೆಷಿನ್‌ಗೆ ಈ ತಿಂಗಳ ಬಾಡಿಗೆ ಕೊಡುವುದಿಲ್ಲ.

ಇತಿ,
ವಕೀಲರು, ಹಂಪನಕಟ್ಟೆ, ಮಂಗಳೂರು